ಕೈ ಇಟ್ಟು ತೋರಿಸಿ: ಅಂಗರಚನೆಯ ಲೇಖನಕ್ಕೆ ಚಿತ್ರ ಆರಿಸುವ ಬಗೆ

ಹೋದ ಮಳೆಗಾಲದಲ್ಲಿ ಆಯಿಗೆ ಹೊಟ್ಟೆನೋವು ಶುರುವಾಯಿತು. ಶಿರಸಿಯಲ್ಲೇ ಸ್ಕ್ಯಾನಿಂಗ್ ಮಾಡಿಸಿದೆವು. ಪಿತ್ತಕೋಶದಲ್ಲಿ ಕಲ್ಲಿದೆ, ಹುಬ್ಬಳ್ಳಿಗೆ ಹೋಗಿ ತೋರಿಸಿ ಅಂದರು. ಬಸ್ಸು ಮುಂಡಗೋಡ ದಾಟುವಾಗ ಆಯಿ ಕೇಳಿದಳು, "ತಮಾ, ಈ ಪಿತ್ತಕೋಶ ಹೇಳದು ಎಲ್ಲಿರ್ತು?"

ನಾನು ಜಂಬದಿಂದ ಮೊಬೈಲ್ ತೆಗೆದೆ. ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲಿ ಬಿಡುವಿದ್ದಾಗ ಬರೆಯುವವನು ನಾನು. ಆ ಲೇಖನಕ್ಕೆ ಚಿತ್ರ ಹಾಕಿದ್ದೂ ನಾನೇ. ಚೆಂದದ ಚಿತ್ರ. ಕಂದು ಬಣ್ಣದ ಯಕೃತ್ತು (ಲಿವರ್), ಅದರ ಕೆಳಗೆ ಹಸಿರು ಚೀಲ, ಸಣ್ಣ ನಾಳಗಳು. ಆಯಿ ಕನ್ನಡಕ ಏರಿಸಿ ನೋಡಿದಳು. ಆಮೇಲೆ ತನ್ನ ಎಡ ಪಕ್ಕೆಯ ಮೇಲೆ ಕೈ ಇಟ್ಟು, "ಇಲ್ಲಿ, ಅಲ್ದಾ?" ಅಂದಳು.

ಪಿತ್ತಕೋಶ ಇರುವುದು ಬಲಗಡೆ. ಚಿತ್ರದಲ್ಲಿ ತಪ್ಪಿರಲಿಲ್ಲ. ಆರಿಸಿದ ನನ್ನಲ್ಲಿ ತಪ್ಪಿತ್ತು. ಮೈಯಿಂದ ಕತ್ತರಿಸಿ ತೆಗೆದ ಎರಡು ಅಂಗ ತೋರಿಸಿ, ಎಲ್ಲಿ ಅಂತ ಕೇಳಿದರೆ ಯಾರಿಗೆ ಗೊತ್ತಾಗಬೇಕು? ಪರದೆಯ ಎಡಕ್ಕೆ ಕಂಡದ್ದನ್ನು ಆಯಿ ತನ್ನ ಎಡ ಅಂದುಕೊಂಡಳು, ಅಷ್ಟೆ.

ಅವತ್ತಿನಿಂದ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಚಿತ್ರ ಹಾಕುವ ಮೊದಲು ಮನೆಯಲ್ಲಿ ಯಾರಿಗಾದರೂ ತೋರಿಸುವುದು. ಅಡಿಬರಹವನ್ನು ಬೆರಳಿನಿಂದ ಮುಚ್ಚುವುದು. "ಇದು ನಿಮ್ಮ ಮೈಯಲ್ಲಿ ಎಲ್ಲಿದೆ, ಕೈ ಇಟ್ಟು ತೋರಿಸಿ" ಅನ್ನುವುದು. ಕೈ ತಪ್ಪಿದರೆ ಚಿತ್ರ ಬದಲಿಸುವುದು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಪರೀಕ್ಷೆಯಿಂದಲೇ ಹುಟ್ಟಿದ್ದು.

ಮೊದಲ ಹೆಜ್ಜೆ: ಪ್ರಶ್ನೆ ಯಾವುದು?

ಚಿತ್ರ ಹುಡುಕಲು ಕೂರುವ ಮುಂಚೆ, ಓದುಗ ಏನು ಕೇಳುತ್ತಿದ್ದಾನೆ ಅಂತ ಒಂದು ಸಾಲು ಬರೆದುಕೊಳ್ಳಿ. ಎಲ್ಲಿದೆ? ಹೇಗಿದೆ? ಅಕ್ಕಪಕ್ಕ ಏನಿದೆ? ಹೇಗೆ ಕೆಲಸ ಮಾಡುತ್ತದೆ? ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳು. ಒಂದೇ ಚಿತ್ರ ನಾಲ್ಕಕ್ಕೂ ಉತ್ತರ ಕೊಡುವುದಿಲ್ಲ. ಕೊಡಲು ಹೋದ ಚಿತ್ರ ಗೆರೆ ಮೇಲೆ ಗೆರೆ, ಹೆಸರಿನ ಮೇಲೆ ಹೆಸರು ತುಂಬಿ ಯಾರಿಗೂ ಬೇಡವಾಗುತ್ತದೆ.

ಲೇಖನದ ತಲೆಗೆ ಹಾಕುವ ಮೊದಲ ಚಿತ್ರ "ಎಲ್ಲಿದೆ" ಅನ್ನುವುದಕ್ಕೇ ಇರಲಿ. ಮೈಯ ಹೊರಗೆರೆ ಇರಬೇಕು. ಕನಿಷ್ಠ ಪಕ್ಕೆಲುಬು, ಹೊಕ್ಕುಳ, ಹೆಗಲು ಇಂಥ ಗುರುತು ಸಿಗಬೇಕು. ಅದರೊಳಗೆ ನಮಗೆ ಬೇಕಾದ ಅಂಗಕ್ಕೆ ಮಾತ್ರ ಎದ್ದು ಕಾಣುವ ಬಣ್ಣ. ನಮ್ಮ ಜಿಲ್ಲೆಯ ಜನ ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವಾ ಅಂತ ರಿಪೋರ್ಟ್ ಹಿಡಿದುಕೊಂಡು ಓಡಾಡುವವರು. ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಮೊಬೈಲ್ ನೋಡುವವರು. ಅವರ ಮೊದಲ ಪ್ರಶ್ನೆ ಆಯಿಯದ್ದೇ. ಜೀವಕೋಶದ ಮಟ್ಟದ ಚಿತ್ರ ಲೇಖನದ ಕೆಳಗೆ ಬರಲಿ, ಅದಕ್ಕೇನು ಅವಸರ?

ಎರಡನೇ ಹೆಜ್ಜೆ: ಯಾರ ಎಡ, ಯಾರ ಬಲ?

ಅಂಗರಚನೆಯಲ್ಲಿ ಎಡ-ಬಲ ಅಂದರೆ ಚಿತ್ರದಲ್ಲಿರುವ ಮನುಷ್ಯನ ಎಡ-ಬಲ, ನೋಡುವವರದ್ದಲ್ಲ. ಯಕ್ಷಗಾನದ ಆಟ ನೋಡಲು ಕೂತಾಗ ಎದುರು ನಿಂತ ವೇಷದವರ ಬಲಗೈ ನಮ್ಮ ಎಡಕ್ಕೆ ಕಾಣುತ್ತದಲ್ಲ, ಹಾಗೆ. ಆದರೆ ಬೆನ್ನಿನ ಕಡೆಯಿಂದ ಬರೆದ ಚಿತ್ರದಲ್ಲಿ ಅವರ ಬಲ ನಮ್ಮ ಬಲಕ್ಕೇ ಇರುತ್ತದೆ. ಮೂತ್ರಪಿಂಡದ ಚಿತ್ರಗಳು ಎರಡೂ ಬಗೆಯಲ್ಲಿ ಸಿಗುತ್ತವೆ. ಒಂದೇ ಲೇಖನದಲ್ಲಿ ಮುಂದಿನದೊಂದು, ಹಿಂದಿನದೊಂದು ಹಾಕಿ, ಅಡಿಬರಹದಲ್ಲಿ ಹೇಳದೆ ಬಿಟ್ಟರೆ ಓದುಗನ ಗತಿ ಕೇಳಬೇಡಿ.

ಸಿಟಿ ಸ್ಕ್ಯಾನಿನ ಅಡ್ಡ ಸೀಳು ಇನ್ನೊಂದು ತರಹ. ಮಲಗಿದ ರೋಗಿಯ ಕಾಲ ಬುಡದಲ್ಲಿ ನಿಂತು ತಲೆಯ ಕಡೆ ನೋಡಿದಂತೆ ಅದನ್ನು ತೋರಿಸುತ್ತಾರೆ. ಹಾಗಾಗಿ ಯಕೃತ್ತು ಪರದೆಯ ಎಡಭಾಗದಲ್ಲಿ ಬರುತ್ತದೆ.

ತಿರುವಿಹಾಕಿದ ಚಿತ್ರ ಅಂತರ್ಜಾಲದಲ್ಲಿ ಜಾಸ್ತಿ. ಪುಟದ ಅಂದಕ್ಕೆ ಅಂತ ಯಾರೋ ಕನ್ನಡಿ ಮಾಡಿರುತ್ತಾರೆ. ಪತ್ತೆ ಹಚ್ಚಲು ನಾನು ನೋಡುವುದು ಇಷ್ಟು. ಮುಂದಿನಿಂದ ನೋಡಿದ ಚಿತ್ರದಲ್ಲಿ ಹೃದಯದ ತುದಿ ನಮ್ಮ ಬಲಕ್ಕೆ ವಾಲಿರಬೇಕು. ಜಠರವೂ ನಮ್ಮ ಬಲಕ್ಕೆ. ಯಕೃತ್ತಿನ ದೊಡ್ಡ ಭಾಗ ನಮ್ಮ ಎಡಕ್ಕೆ. ಮೂರು ಹಾಲೆಯ, ಅಂದರೆ ಮೂರು ಭಾಗದ, ಶ್ವಾಸಕೋಶ ನಮ್ಮ ಎಡಕ್ಕೆ, ಎರಡು ಹಾಲೆಯದ್ದು ಬಲಕ್ಕೆ. ಸಾಮಾನ್ಯವಾಗಿ ಬಲ ಮೂತ್ರಪಿಂಡ ಎಡದ್ದಕ್ಕಿಂತ ಒಂಚೂರು ಕೆಳಗೆ, ಯಕೃತ್ತು ಮೇಲೆ ಜಾಗ ಹಿಡಿದಿರುವುದರಿಂದ. ಎಕ್ಸ್-ರೇ ಆದರೆ ಮೂಲೆಯಲ್ಲಿ ಎಡ ಅಥವಾ ಬಲ ಅಂತ ಸೂಚಿಸುವ ಇಂಗ್ಲಿಷ್ ಅಕ್ಷರ ಇರುತ್ತದೆ. ಅಕ್ಷರ ಉಲ್ಟಾ ಕಂಡರೆ ಚಿತ್ರವೇ ಉಲ್ಟಾ. ಹುಟ್ಟಿನಿಂದಲೇ ಹೃದಯ ಬಲಕ್ಕಿರುವವರು ಇದ್ದಾರೆ, ನಿಜ. ಬಹಳ ಅಪರೂಪ. ಅಂಥ ಚಿತ್ರಕ್ಕೆ ಅದರದ್ದೇ ಲೇಖನ ಬೇಕು.

ಮೂರನೇ ಹೆಜ್ಜೆ: ಎಲ್ಲಿ ಹುಡುಕಬೇಕು, ಯಾವುದನ್ನು ಮುಟ್ಟಬಾರದು

ಗೂಗಲ್‌ನಲ್ಲಿ ಸಿಕ್ಕಿದ್ದನ್ನು ಎತ್ತಿ ಹಾಕುವ ಹಾಗಿಲ್ಲ. ವಿಕಿಪೀಡಿಯದಂಥ ಕಡೆಗೆ ಚಿತ್ರ ಬರುವುದು ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರದಿಂದ. 2004ರಲ್ಲಿ ಶುರುವಾದದ್ದು. ಅಲ್ಲಿಗೆ ಕ್ರಿಯೇಟಿವ್ ಕಾಮನ್ಸ್, ಚಿಕ್ಕದಾಗಿ ಸಿಸಿ, ಎಂಬ ಮುಕ್ತ ಪರವಾನಗಿಗಳಲ್ಲಿ ಸಿಸಿ ಬೈ (ಮಾಡಿದವರ ಹೆಸರು ಹೇಳಬೇಕು), ಸಿಸಿ ಬೈ-ಎಸ್ಎ (ಹೆಸರು ಹೇಳಿ, ಬದಲಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು), ಸಿಸಿ ಝೀರೊ (ಷರತ್ತೇ ಇಲ್ಲ) ಇರುವ ಚಿತ್ರಗಳು ನಡೆಯುತ್ತವೆ, ಹಕ್ಕಿನ ಅವಧಿ ಮುಗಿದವೂ ನಡೆಯುತ್ತವೆ. ಪರವಾನಗಿಯಲ್ಲಿ ಎನ್‌ಸಿ, ಅಂದರೆ ವ್ಯಾಪಾರಕ್ಕಿಲ್ಲ, ಅಥವಾ ಎನ್‌ಡಿ, ಅಂದರೆ ಬದಲಿಸುವಂತಿಲ್ಲ, ಎಂದು ಇದ್ದರೆ ಆಸೆ ಬಿಡಿ. "ಕಲಿಕೆಗೆ ಮಾತ್ರ ಉಚಿತ" ಅನ್ನುವುದೂ ಸಾಲದು.

ಅಂಗರಚನೆಗೆ ಕೆಲವು ಒಳ್ಳೆಯ ಗಣಿಗಳಿವೆ. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2013ರಲ್ಲಿ ಹೊರತಂದ ಪಠ್ಯಪುಸ್ತಕದ ಚಿತ್ರಗಳು ಸಿಸಿ ಬೈ. ಸರಳ, ಈಗಿನವು, ಬಣ್ಣ ಹದವಾಗಿದೆ. ಜಪಾನಿನ ಬಾಡಿಪಾರ್ಟ್ಸ್3ಡಿ ಎಂಬುದರಲ್ಲಿ ಬೂದು ಮೈಯೊಳಗೆ ಒಂದೇ ಮೂಳೆ, ಒಂದೇ ಸ್ನಾಯು ಕೆಂಪಾಗಿ ಕಾಣುವ ಚಿತ್ರಗಳಿವೆ. "ಎಲ್ಲಿದೆ" ಅನ್ನುವ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಕಂಡಿಲ್ಲ. ಅದರಲ್ಲಿ ತಿರುಗುವ ಚಿತ್ರಗಳೂ ಇವೆ. ನೋಡಲು ಮಜಾ, ಆದರೆ ಫೈಲು ಭಾರ. ನಮ್ಮ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು. ಅಲ್ಲಿ ಅದು ತೆರೆಯುವಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ. ನಿಂತ ಚಿತ್ರವೇ ಸಾಕು.

ಇನ್ನು ಗ್ರೇಸ್ ಅನಾಟಮಿ ಎಂಬ ಹಳೆಯ ಇಂಗ್ಲಿಷ್ ಅಂಗರಚನೆಯ ಪುಸ್ತಕ. 1918ರ ಅಮೆರಿಕನ್ ಆವೃತ್ತಿಯ 1247 ಚಿತ್ರಗಳು ಎಲ್ಲರ ಸ್ವತ್ತು. 1858ರಲ್ಲಿ ಬಂದ ಮೊದಲ ಆವೃತ್ತಿಗೆ ಚಿತ್ರ ಬರೆದವರು ಹೆನ್ರಿ ವ್ಯಾನ್‌ಡೈಕ್ ಕಾರ್ಟರ್. ಪುಸ್ತಕ ಅಚ್ಚಾಗುವ ಹೊತ್ತಿಗೆ ಅವರು ಹಡಗು ಹತ್ತಿ ಮುಂಬಯಿಗೆ ಬಂದಿದ್ದರು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಕಲಿಸಿದರು, ಕುಷ್ಠರೋಗದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದರು. ನಮ್ಮ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತಲ್ಲ, ಹಾಗೆ ನೋಡಿದರೆ ಒಂದು ಕಾಲಕ್ಕೆ ನಮ್ಮ ಪ್ರಾಂತ್ಯದ ಡಾಕ್ಟರೇ.

ಕಾರ್ಟರ್ ಮಾಡಿದ ದೊಡ್ಡ ಉಪಕಾರ ಒಂದಿದೆ. ಭಾಗದ ಹೆಸರನ್ನು ಆ ಭಾಗದ ಮೇಲೆಯೇ ಬರೆದರು. ಮೂಳೆಯ ಉದ್ದಕ್ಕೂ ಹೆಸರು, ಸ್ನಾಯುವಿನ ಬಾಗಿನ ಜೊತೆ ಬಾಗಿದ ಅಕ್ಷರ. ವಿದ್ಯಾರ್ಥಿ ಪಟ್ಟಿ ಹುಡುಕಬೇಕಾಗಿಲ್ಲ. ನಮಗೆ ಮಾತ್ರ ಅದೇ ತೊಡಕು. ಇಂಗ್ಲಿಷ್ ಅಕ್ಷರ ಚಿತ್ರದ ಒಳಗೇ ಕೂತಿದೆ. ಅಳಿಸಿದರೆ ಮೂಳೆಯೂ ಅಳಿಸುತ್ತದೆ. ಒಂದು ಮೊಣಕೈ ಚಿತ್ರದ ಮೇಲೆ ಎರಡು ರಾತ್ರಿ ಕೂತು ಕೈಬಿಟ್ಟೆ.

ಹಳೆಯ ಚಿತ್ರ ಎಲುಬಿಗೆ ಚೆನ್ನಾಗಿ ಹೊಂದುತ್ತದೆ, ಎಲುಬು ಬದಲಾಗಿಲ್ಲ. ತಿಳಿವಳಿಕೆ ಬದಲಾದ ಕಡೆ ಹುಷಾರು. ಮಿದುಳಿನ ಹೊದಿಕೆಯಲ್ಲಿ ದುಗ್ಧರಸ (ಲಿಂಫ್) ನಾಳಗಳಿವೆ ಅಂತ ಸ್ಪಷ್ಟವಾಗಿ ತೋರಿಸಿದ್ದು 2015ರಲ್ಲಿ. ಹೆಂಗಸರ ಚಂದ್ರನಾಡಿಯ (ಕ್ಲಿಟೋರಿಸ್) ಬಹುಭಾಗ ಒಳಗಿದೆ, ಪುಸ್ತಕಗಳಲ್ಲಿ ಬರೆದದ್ದಕ್ಕಿಂತ ಎಷ್ಟೋ ದೊಡ್ಡದು ಅಂತ ಆಸ್ಟ್ರೇಲಿಯದ ವೈದ್ಯೆ ಹೆಲೆನ್ ಓಕಾನೆಲ್ ತೋರಿಸಿದ್ದು 1998ರಲ್ಲಿ. ನೂರು ವರ್ಷದ ಹಿಂದಿನ ಚಿತ್ರ ಇಂಥ ಲೇಖನಕ್ಕೆ ಹಾಕಿದರೆ ಸುಮ್ನೆ ಹಳೆಯ ತಪ್ಪು ಮುಂದುವರಿಯುತ್ತದೆ.

ನಮ್ಮಲ್ಲಿ ಲೇಖಕ, ಚಿತ್ರಕಾರ ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಇರುತ್ತದೆ. ಫೋಟೋಗೆ ಮೊದಲು ಪ್ರಕಟವಾದ ಮೇಲೆ 60 ವರ್ಷ ಅಂತಿತ್ತು, 2012ರ ತಿದ್ದುಪಡಿ ಬಂದ ಮೇಲೆ ಅದಕ್ಕೂ ತೆಗೆದವರು ತೀರಿಕೊಂಡು 60 ವರ್ಷ. ಕಾಮನ್ಸ್‌ಗೆ ಅಮೆರಿಕದ ನಿಯಮವೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ಹಳ್ಳ, ನಾನೇ ಬಿದ್ದದ್ದು: ಒಂದು ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಗೋಡೆಗೆ ತೂಗುಹಾಕಿದ ಪಟದ ಫೋಟೋ ತೆಗೆದು "ನನ್ನ ಸ್ವಂತ ಕೆಲಸ" ಅಂತ ಏರಿಸಿದೆ. ನಾಲ್ಕು ದಿನದಲ್ಲಿ ಅಳಿಸಿದರು. ಸರಿಯಾಗೇ ಮಾಡಿದರು. ಫೋಟೋ ನನ್ನದು, ಪಟ ನನ್ನದಲ್ಲವಲ್ಲ. ಪ್ಲಾಸ್ಟಿಕ್ ಹೃದಯ, ಬಿಚ್ಚಿ ಜೋಡಿಸುವ ಕಿವಿ ಮಾದರಿಗೂ ಇದೇ ಮಾತು.

ನಾಲ್ಕನೇ ಹೆಜ್ಜೆ: ಹೆಸರುಗಳು ಕನ್ನಡದಲ್ಲಿ ನಿಲ್ಲುತ್ತವೆಯೇ?

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುವ ಕೆಲಸ ಇದು.

ಸಾಧ್ಯವಾದರೆ ಎಸ್‌ವಿಜಿ ರೂಪದ ಚಿತ್ರ ಆರಿಸಿ. ಅದರಲ್ಲಿ ಅಕ್ಷರ ಬೇರೆ, ಗೆರೆ ಬೇರೆ ಇರುತ್ತದೆ. ಅಕ್ಷರ ಮಾತ್ರ ಬದಲಿಸಬಹುದು. ಕಾಮನ್ಸ್‌ನಲ್ಲಿ ಎಸ್‌ವಿಜಿ ಟ್ರಾನ್ಸ್‌ಲೇಟ್ ಅಂತ ಸಲಕರಣೆಯೇ ಇದೆ. ಇಂಗ್ಲಿಷ್ ಹೆಸರಿನ ಎದುರು ಕನ್ನಡ ಟೈಪ್ ಮಾಡುತ್ತಾ ಹೋಗುವುದು. ಕೆಲಸ ಸುಲಭ ಅನ್ನಿಸುತ್ತದೆ. ಮುಗಿದ ಮೇಲೆ ತೆರೆದು ನೋಡಿದರೆ "ಪಿತ್ತಕೋಶ" ಇದ್ದದ್ದು "ಪಿತ್‌ತಕೋಶ" ಆಗಿರಬಹುದು. ಫಾಂಟ್ ಕೈಕೊಟ್ಟರೆ ಒತ್ತಕ್ಷರ ಪಕ್ಕಕ್ಕೆ ಜಾರುತ್ತದೆ. ಹಾಗಾಗಿ ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡಿತು ಅಂತ ಬಿಡಬೇಡಿ. ಏರಿಸಿದ ಮೇಲೆ ಲೇಖನದಲ್ಲೇ ನೋಡಿ. ಆಮೇಲೆ ಇನ್ನೊಬ್ಬರ ಮೊಬೈಲಿನಲ್ಲೂ ನೋಡಿ. "ಹೃತ್ಕರ್ಣ", "ಹೃತ್ಕುಕ್ಷಿ", "ಗ್ರಂಥಿ" ಈ ಮೂರು ಸರಿ ಬಂದರೆ ಉಳಿದವೂ ಬಹುತೇಕ ಸರಿ ಬಂದಿರುತ್ತವೆ.

ಕನ್ನಡದ ಹೆಸರಿಗೆ ಜಾಗ ಜಾಸ್ತಿ ಬೇಕು. ಇಂಗ್ಲಿಷಿನಲ್ಲಿ ಎಂಟಕ್ಷರದ ಪ್ಯಾಂಕ್ರಿಯಾಸ್ ನಮ್ಮಲ್ಲಿ "ಮೇದೋಜೀರಕ ಗ್ರಂಥಿ". ಅಡ್ಡಕ್ಕೂ ಉದ್ದ, ಒತ್ತು ಕೊಂಬುಗಳಿಂದ ಎತ್ತರವೂ ಜಾಸ್ತಿ. ಎರಡು ಹೆಸರು ಒಂದರ ಮೇಲೊಂದು ಕೂತುಬಿಡುತ್ತವೆ. ಇಂಥ ಕಡೆ ನಾನು ಹೆಸರನ್ನೇ ಬಿಟ್ಟು 1, 2, 3 ಅಂತ ಅಂಕಿ ಹಾಕಿದ ಚಿತ್ರ ಆರಿಸುತ್ತೇನೆ. ಅರ್ಥ ಅಡಿಬರಹದಲ್ಲಿ. ಅದು ಎಲ್ಲ ಭಾಷೆಗೂ ಆಗುತ್ತದೆ. ಆದರೆ ಐದಾರು ಅಂಕಿ ದಾಟಿದರೆ ಓದುಗ ಮೇಲೆ ಕೆಳಗೆ ನೋಡಿ ಸುಸ್ತಾಗುತ್ತಾನೆ.

ಲೇಖನದಲ್ಲಿ "ಯಕೃತ್ತು", ಚಿತ್ರದಲ್ಲಿ "ಪಿತ್ತಜನಕಾಂಗ", ಅಡಿಬರಹದಲ್ಲಿ "ಲಿವರ್" ಅಂತ ಇದ್ದರೆ ಮೂರು ಅಂಗ ಅಂದುಕೊಳ್ಳುವವರಿದ್ದಾರೆ. ಅದರಲ್ಲೂ ಪಿತ್ತಕೋಶ, ಪಿತ್ತಜನಕಾಂಗ, ಪಿತ್ತನಾಳ ಒಟ್ಟಿಗೆ ಬಂದರೆ ಡಾಕ್ಟರಿಗೂ ತಲೆ ತಿರುಗುತ್ತದೆ. ಒಂದು ಹೆಸರು ಹಿಡಿಯಿರಿ. ಮೊದಲ ಸಲ ಬಂದಾಗ ಜನ ಆಡುವ ಹೆಸರನ್ನೂ ಪಕ್ಕದಲ್ಲಿ ಹೇಳಿ. ಆಮೇಲೆ ಚಿತ್ರದಲ್ಲೂ ಬರಹದಲ್ಲೂ ಅದೇ ನಡೆಯಲಿ.

ಐದನೇ ಹೆಜ್ಜೆ: ಚಿಕ್ಕದು ಮಾಡಿ ನೋಡಿ

ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಕಲೆ ನೋಡಿದ್ದೀರಲ್ಲ. ಬಿಳಿ ಗಾರೆ, ಕೆಂಪು ಗೆರೆ, ಅಷ್ಟೇ. ಅಂಗಳದ ಆಚೆಯಿಂದಲೂ ಯಾವ ಆಕೃತಿ ಅಂತ ತಿಳಿಯುತ್ತದೆ. ವಿಶ್ವಕೋಶದ ಚಿತ್ರಕ್ಕೆ ನನಗೆ ಬೇಕಾದ್ದು ಅದೇ ಗುಣ. ಕಂಪ್ಯೂಟರಿನ ಪರದೆ ತುಂಬ ನೋಡಿ ಮರುಳಾಗಬೇಡಿ. ಮೊಬೈಲಿನಲ್ಲಿ, ಕೈಚಾಚಿ ಹಿಡಿದು ನೋಡಿ. ಸಣ್ಣ ಗೆರೆಗಳೆಲ್ಲ ಕಲೆಸಿ ಮಸಿಯಾದರೆ ಬೇರೆ ಚಿತ್ರ.

ಬಣ್ಣದ ಬಗ್ಗೆ ಎರಡು ಮಾತು. ಕೆಂಪು ಹಸಿರು ಬೇರೆಯಾಗಿ ಕಾಣದವರು, ಗಂಡಸರಲ್ಲಿ ಜಾಸ್ತಿ, ಸಾಕಷ್ಟು ಜನ ಇದ್ದಾರೆ. ಕೆಂಗಂದು ಯಕೃತ್ತಿನ ಮೇಲೆ ಹಸಿರು ಪಿತ್ತಕೋಶ ಅವರಿಗೆ ಒಂದೇ ಮುದ್ದೆ. ದಪ್ಪ ಅಂಚು ಇರುವ ಚಿತ್ರ ಅವರಿಗೆ ಸಹಾಯ. ಎರಡನೆಯದು, ಅಪಧಮನಿ ಕೆಂಪು, ಅಭಿಧಮನಿ ನೀಲಿ ಅನ್ನುವುದು ಬರೀ ರೂಢಿ, ಒಳಗೆ ಯಾರ ರಕ್ತವೂ ನೀಲಿಯಿಲ್ಲ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯನ್ನು ಮಾತ್ರ ನೀಲಿಯಲ್ಲಿ, ಅಲ್ಲಿಂದ ಬರುವ ಅಭಿಧಮನಿಯನ್ನು ಕೆಂಪಿನಲ್ಲಿ ತೋರಿಸುತ್ತಾರೆ, ಅಲ್ಲಿ ಆಮ್ಲಜನಕದ ಲೆಕ್ಕ ತಿರುಗುಮುರುಗು. ಚಿತ್ರಕಾರ ತಪ್ಪು ಮಾಡಿದ್ದಾನೆ ಅಂತ ನೀವು "ಸರಿ" ಮಾಡಲು ಹೋಗಬೇಡಿ.

ಆರನೇ ಹೆಜ್ಜೆ: ನೀವೇ ತೆಗೆಯಬಹುದಾದ ಚಿತ್ರ

ಒಳಗಿನ ಅಂಗದ ಫೋಟೋ ನಮ್ಮಿಂದಾಗದು. ಹೊರಗಿಂದ ಕಾಣುವ ಅಂಗರಚನೆ ಆಗುತ್ತದೆ. ಅದರ ಕೊರತೆಯೂ ಇದೆ. ಭಂಡಾರದಲ್ಲಿ ಸಿಗುವ ಕೈಕಾಲುಗಳಲ್ಲಿ ಬಿಳಿ ತೊಗಲಿನವೇ ಜಾಸ್ತಿ. ಚರ್ಮ ಕೆಂಪಾಗುವುದು, ನೀಲಿಗಟ್ಟುವುದು ನಮ್ಮ ಕಂದು ಮೈಮೇಲೆ ಬೇರೆ ತರಹ ಕಾಣುತ್ತದೆ.

ಹೆಬ್ಬೆರಳನ್ನು ಮೇಲೆತ್ತಿ ಹಿಂದಕ್ಕೆ ಚಾಚಿ. ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಒಂದು ಗುಂಡಿ ಬೀಳುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ನಶ್ಯದ ಡಬ್ಬಿ ಎಂದೇ ಹೆಸರು. ಆ ಗುಂಡಿಯಲ್ಲಿ ನಶ್ಯ ಇಟ್ಟು ಏರಿಸುತ್ತಿದ್ದರಂತೆ. ನಮ್ಮೂರ ಅಜ್ಜಂದಿರಿಗೆ ಹೇಳಿಕೊಡಬೇಕಾಗಿಲ್ಲ. ಗುಂಡಿಯ ಎರಡೂ ದಂಡೆಗೆ ಹೆಬ್ಬೆರಳಿನ ಸ್ನಾಯುಗಳ ಹುರಿಗಳು, ತಳದಲ್ಲಿ ದೋಣಿಯ ಆಕಾರದ ಪುಟ್ಟ ಮೂಳೆ. ಕೈ ಊರಿ ಬಿದ್ದವರಿಗೆ ಅಲ್ಲಿ ಒತ್ತಿದರೆ ನೋವಾದರೆ, ಆ ಮೂಳೆ ಮುರಿದಿರಬಹುದು ಅಂತ ಡಾಕ್ಟರು ಅನುಮಾನಿಸುತ್ತಾರೆ.

ಈ ಗುಂಡಿಯ ಫೋಟೋ ತೆಗೆಯಲು ನಾನು ನಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸಲು ಬರುವ ಕೊನೆಗೌಡರ ಕೈ ಕೇಳಿದೆ. ವರ್ಷಗಟ್ಟಲೆ ಅಡಿಕೆ ಮರ ಹತ್ತಿದ ಕೈ. ಹುರಿಗಳು ಹಗ್ಗದ ಹಾಗೆ ಎದ್ದು ನಿಲ್ಲುತ್ತವೆ. ಫ್ಲ್ಯಾಶ್ ಹಾಕಿದರೆ ಗುಂಡಿಯೇ ಮಾಯ. ಜಗಲಿಯ ಕಿಟಕಿ ಪಕ್ಕ ಕೂರಿಸಿದೆ, ಬೆಳಕು ಒಂದೇ ಕಡೆಯಿಂದ ಬಿತ್ತು, ನೆರಳಿನಲ್ಲಿ ಗುಂಡಿ ಕಂಡಿತು. ಹಿಂದೆ ಬಿಳಿ ಪಂಚೆ. ಈ ಫೋಟೋವನ್ನು ಲೋಕದಲ್ಲಿ ಯಾರು ಬೇಕಾದರೂ ಬಳಸಬಹುದು, ದುಡ್ಡು ಮಾಡಿಕೊಳ್ಳಲೂಬಹುದು, ಆಮೇಲೆ ವಾಪಸ್ ಕೇಳಲು ಬರುವುದಿಲ್ಲ ಅಂತ ಬಿಡಿಸಿ ಹೇಳಿದೆ. "ಮೋರೆ ಇಲ್ಲ ಅಲ್ವಾ? ಹಾಕಿ" ಅಂದರು. ಆ ಮಾತು ಸುಮ್ನೆ ಬರಲಿಲ್ಲ, ಮೊದಲು ಹತ್ತು ನಿಮಿಷ ಯೋಚಿಸಿದರು. ಒಪ್ಪಿಗೆ ಅಂದರೆ ಅದು.

ನಿಮ್ಮದೇ ಎಕ್ಸ್-ರೇ ಏರಿಸುವಾಗ ಮೂಲೆಯ ಹೆಸರು, ನಂಬರು, ತಾರೀಕು ಕತ್ತರಿಸಿ. ಮೊಬೈಲ್ ಫೋಟೋದೊಳಗೆ ತೆಗೆದ ಜಾಗದ ವಿವರ ಅಡಗಿರುತ್ತದೆ, ಅದನ್ನೂ ತೆಗೆಯಿರಿ. ಬೇರೆಯವರದ್ದಾದರೆ ಅವರು ಲಿಖಿತವಾಗಿ ಒಪ್ಪದೆ ಮುಟ್ಟಬೇಡಿ.

ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ, ಅಲ್ಲಿ ಓದುವ ಹುಡುಗರು ಇದನ್ನು ಓದುತ್ತಿದ್ದರೆ ಒಂದು ಮಾತು: ಶವ ಛೇದನದ ಹಾಲ್‌ನಲ್ಲಿ ಕ್ಯಾಮೆರಾ ಬೇಡ. ದೇಹ ಕೊಟ್ಟವರು ಕಲಿಕೆಗೆ ಕೊಟ್ಟದ್ದು, ಇಂಟರ್ನೆಟ್‌ಗಲ್ಲ. ಚಿತ್ರ ಎಷ್ಟು ಚೆನ್ನಾಗಿದ್ದರೂ ಅದರ ಹಿಂದಿನ ದೇಹ ಯಾರದ್ದು ಅಂತ ಕೇಳಲೇಬೇಕು. ಪೆರ್ನ್‌ಕಾಫ್ ಎಂಬ ನಾಝಿ ಅಂಗರಚನಾ ತಜ್ಞನ ಚಿತ್ರಕೋಶ ಒಂದು ಕಾಲಕ್ಕೆ ಬಹಳ ಹೆಸರು ಮಾಡಿತ್ತು. ವಿಯೆನ್ನಾ ವಿಶ್ವವಿದ್ಯಾಲಯ ತನಿಖೆ ಮಾಡಿ 1998ರಲ್ಲಿ ವರದಿ ಕೊಟ್ಟಿತು. ನಾಝಿ ಆಡಳಿತದಲ್ಲಿ ಮರಣದಂಡನೆಯಾದವರ ಕನಿಷ್ಠ 1377 ದೇಹಗಳು ಅವನ ವಿಭಾಗಕ್ಕೆ ಬಂದಿದ್ದವು.

ಗುಪ್ತಾಂಗದ ಲೇಖನಕ್ಕೆ ಚಿತ್ರ ಬೇಡ ಅನ್ನುವ ಪೈಕಿ ನಾನಲ್ಲ. ಕೇಳಲು ನಾಚುವವರು ಓದುವುದೇ ಅಲ್ಲಿ. ಆದರೆ ಮೊದಲಿಗೆ ಅಡ್ಡ ಸೀಳಿನ ರೇಖಾಚಿತ್ರ ಸಾಕು. ಫೋಟೋ ನಿಜಕ್ಕೂ ಬೇಕಿದ್ದರೆ ಕೆಳಗೆ, ಆ ಭಾಗದ ಬಗ್ಗೆ ಬರೆದ ಜಾಗದಲ್ಲಿ ಬರಲಿ. "ಮಣಿಕಟ್ಟು" ಲೇಖನ ತೆರೆದವನಿಗೆ ಮಣಿಕಟ್ಟೇ ಕಾಣಬೇಕು.

ಎಐ ಬರೆದ ಚಿತ್ರ? ಬೇಡವೇ ಬೇಡ. 2024ರ ಫೆಬ್ರವರಿಯಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಎಐ ಬರೆದ ಇಲಿಯ ಚಿತ್ರ ಬಂತು. ಇಲಿಗಿಂತ ಅದರ ಜನನಾಂಗವೇ ದೊಡ್ಡದು, ಹೆಸರುಗಳಲ್ಲಿ ಬಹುಪಾಲು ಅರ್ಥವಿಲ್ಲದ ಅಕ್ಷರ. ಕೆಲವೇ ದಿನದಲ್ಲಿ ಲೇಖನ ವಾಪಸ್ ಪಡೆದರು. ಅದು ನಗು ಬರುವಂಥ ತಪ್ಪು, ಯಾರಿಗಾದರೂ ಕಾಣುತ್ತದೆ. ಪಕ್ಕೆಲುಬು ಹದಿಮೂರು ಜೊತೆ ಬರೆದರೆ ಯಾರು ಎಣಿಸುತ್ತಾರೆ?

ಕೊನೆಗೆ ಅಡಿಬರಹ

"ಪಿತ್ತಕೋಶ" ಅಂತ ಒಂದೇ ಪದ ಬರೆದರೆ ಅದು ಅಡಿಬರಹವಲ್ಲ. ಎಲ್ಲಿಂದ ನೋಡಿದ್ದು, ಯಾರ ಬಲ, ಬಣ್ಣ ನಿಜದ್ದೋ ಗುರುತಿನದ್ದೋ, ಇಷ್ಟು ಬರಬೇಕು. ಕಣ್ಣು ಕಾಣದವರಿಗೆ ಮೊಬೈಲ್ ಓದಿ ಹೇಳುವ ಬದಲಿ ಪಠ್ಯ ಬೇರೆ ಇದೆ, ಅದರಲ್ಲಿ ಆಕಾರವನ್ನೂ ಜಾಗವನ್ನೂ ಮಾತಿನಲ್ಲಿ ಹೇಳಿ. ಚಿತ್ರ ಬದಲಿಸಿದ್ದರೆ ಕಾರಣವನ್ನು ಚರ್ಚೆ ಪುಟದಲ್ಲಿ ಒಂದು ಸಾಲು ಬರೆದಿಡಿ. ಇಲ್ಲದಿದ್ದರೆ ಮುಂದಿನವರು ಹಳೆಯದನ್ನೇ ತಂದು ಕೂರಿಸುತ್ತಾರೆ.

ಆಪರೇಷನ್ ಮುಗಿದು ಆಯಿ ಮನೆಗೆ ಬಂದ ಮೇಲೆ ಹೊಸ ಚಿತ್ರ ತೋರಿಸಿದೆ. ಮೈಯ ಹೊರಗೆರೆ, ಪಕ್ಕೆಲುಬಿನ ಅಂಚು, ಅದರಡಿ ಹಸಿರು ಚೀಲ. ಈ ಸಲ ಕೈ ನೇರ ಬಲಗಡೆ ಹೋಯಿತು. ಹೊಲಿಗೆ ಬಿದ್ದ ಜಾಗ ಗೊತ್ತಿರುವವರಿಗೆ ಪರೀಕ್ಷೆ ಕೊಟ್ಟರೆ ಅದೇನು ಪರೀಕ್ಷೆ ಅನ್ನಿ. ಆದರೆ ಆಯಿ ಇನ್ನೊಂದು ಪ್ರಶ್ನೆ ಇಟ್ಟಳು, "ಇದೆಂತಕ್ಕೆ ಹಸ್ರು? ಬಣ್ಣ ಹಚ್ಚಿದ್ದಾ?"

ಅದೇ ಚಿತ್ರವನ್ನು ಮುಂದಿನ ವಾರ ಕಾರವಾರದ ಗೆಳೆಯನ ಮನೆಯಲ್ಲಿ ತೋರಿಸಿದೆ. ಅವನ ಅಮ್ಮ ಬಾಗಿಲಲ್ಲಿ ಕೂತು ಮೀನು ಹೆಚ್ಚುತ್ತಿದ್ದರು. ಪರದೆಯ ಕಡೆ ಒಂದು ಸಲ ಕಣ್ಣು ಹಾಯಿಸಿ, "ಪಿತ್ತ ಅಲ್ವಾ, ಒಡೆದರೆ ಮೀನೆಲ್ಲ ಕಹಿ" ಅಂದರು. ಹೆಚ್ಚುತ್ತಿದ್ದ ಮೀನಿನ ಹೊಟ್ಟೆಯಿಂದ ಅಂಥದ್ದೇ ಒಂದು ಹಸಿರು ಚೀಲ ಬೆರಳ ತುದಿಯಲ್ಲಿ ಎತ್ತಿ ತೋರಿಸಿದರು. ಮನೆಗೆ ಬಂದು ಅಡಿಬರಹಕ್ಕೆ ಒಂದು ಸಾಲು ಸೇರಿಸಿದೆ: "ಒಳಗಿನ ಪಿತ್ತರಸದಿಂದಾಗಿ ಪಿತ್ತಕೋಶ ನಿಜವಾಗಿಯೂ ಹಸಿರು ಛಾಯೆಯಲ್ಲೇ ಕಾಣುತ್ತದೆ."